ಹರಿಯದ ಚೀಟಿ

ಮಾರ್ಚ್ ೪

ಸಾರ್ವಜನಿಕ ಗ್ರಂಥಾಲಯದ ಗ್ರಂಥಪಾಲಕಿಯವರಿಗೆ,

ನಮ್ಮ ಮೂವತ್ತೆಂಟು ವರ್ಷದ ಸ್ನೇಹದಲ್ಲಿ ನಿಮಗೆ ‘ಅವರಿಗೆ’ ಎಂದು ಬರೆಯುತ್ತಿರುವುದು ಇದೇ ಮೊದಲು. ಕಾರಣ ನಿಮಗೆ ಗೊತ್ತಿದೆ. ಆದರೂ ಬರೆಯುತ್ತೇನೆ, ದಾಖಲೆಗೆ ಇರಲಿ. ದಾಖಲೆ ಇಟ್ಟುಕೊಳ್ಳುವುದರಲ್ಲಿ ತಾವು ಈಚೆಗೆ ಪ್ರವೀಣರಾಗಿರುವಂತೆ ಕಾಣುತ್ತದೆ.

ನಿನ್ನೆ ನನ್ನ ಮಗಳು ಮಧ್ಯಾಹ್ನ ಹನ್ನೆರಡೂವರೆಗೇ ಮನೆಗೆ ಬಂದಳು. ಬಂದವಳು ಚಪ್ಪಲಿಯನ್ನು ಬಾಗಿಲ ಪಕ್ಕ ಜೋಡಿಸಿಟ್ಟಳು. ಅವಳು ಚಪ್ಪಲಿ ಜೋಡಿಸಿಡುವವಳಲ್ಲ, ಕಾಲಿನಿಂದ ಒದ್ದು ಒಳಗೆ ಬರುವವಳು. ಅದನ್ನು ನೋಡಿಯೇ ಕೇಳಿದೆ.

“ಏನಾಯ್ತೇ?”

“ನಾಳೆಯಿಂದ ಬರಬೇಡ ಅಂದ್ರು.”

ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆದಿರಲಿಲ್ಲ. ಕೈಯಲ್ಲಿದ್ದ ಕವರನ್ನು ನನಗೆ ಕೊಟ್ಟು ಮುಖ ತೊಳೆಯಲು ಹೋದಳು. ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿರುವ ಅವಳು ಕಚೇರಿಯ ಮಾನ ಕಳೆಯುವಂಥ ಹೆಸರಿಲ್ಲದ ಪತ್ರವನ್ನು ಪತ್ರಿಕೆಗೆ ಬರೆದಿದ್ದಾಳಂತೆ. ವಿಚಾರಣೆ ಮುಗಿಯುವ ತನಕ ಅಮಾನತು. ಆ ನೋಟೀಸಿನಲ್ಲಿ ಎರಡು ಅಕ್ಷರದೋಷಗಳಿದ್ದವು. ಅದನ್ನು ನೋಡುವ ಹೊತ್ತಲ್ಲ ಅದು, ಆದರೂ ಕಣ್ಣು ನೋಡಿತು. ಪ್ರೆಸ್ಸಿನಲ್ಲಿ ಮೂವತ್ತೆರಡು ವರ್ಷ ಕರಡು ತಿದ್ದಿದ ಕಣ್ಣು.

ನೋಟೀಸಿನ ಹಿಂದೆ ಒಂದು ಜೆರಾಕ್ಸ್ ಪ್ರತಿ ಪಿನ್ ಮಾಡಿತ್ತು. ನಿಮ್ಮ ವಾಚನ ಕೊಠಡಿಯ ಬೇಡಿಕೆ ಚೀಟಿ. ‘ನೀರಿನ ಗುಣಮಟ್ಟದ ವಾರ್ಷಿಕ ವರದಿ, ಆರು ಸಂಪುಟ. ಕಾರ್ಡು ಸಂಖ್ಯೆ ೧೧೨೭. ಜನವರಿ ೧೯.’ ಕೆಳಗೆ ನಿಮ್ಮ ಗ್ರಂಥಾಲಯದ ಮೊಹರು.

೧೧೨೭ ಯಾರ ಸಂಖ್ಯೆ ಎಂದು ನಿಮಗೆ ನೆನಪಿಸಬೇಕೆ? ಆರು ವರ್ಷದ ಮಗುವನ್ನು ಕೌಂಟರಿನ ಮೇಲೆ ಕೂರಿಸಿಕೊಂಡು ಆ ಸಂಖ್ಯೆಯನ್ನು ನಿಮ್ಮ ಕೈಯಾರೆ ಬರೆದು, “ಇನ್ಮೇಲೆ ನೀನು ದೊಡ್ಡ ಮನುಷ್ಯಳು ಕಣೇ, ಏನು ಬೇಕಾದ್ರೂ ಕೇಳಿ ಓದ್ಬಹುದು” ಎಂದವರು ನೀವು. ಅವಳು ನಿಮ್ಮನ್ನು ದೊಡ್ಡಮ್ಮ ಎಂದು ಕರೆಯುತ್ತಾಳೆ. ಕರೆಯುತ್ತಿದ್ದಳು.

ಇನ್ನೊಂದನ್ನೂ ನೆನಪಿಸುತ್ತೇನೆ. ನನಗೆ ಇಪ್ಪತ್ತಾರು ವರ್ಷ. ಪ್ರೆಸ್ಸಿನಲ್ಲಿ ಸಂಘ ಕಟ್ಟುವ ಮಾತು ನಡೆಯುತ್ತಿತ್ತು. ಸಂಜೆ ನಿಮ್ಮಲ್ಲಿಗೆ ಬಂದು ಕಾರ್ಮಿಕ ಕಾನೂನಿನ ಪುಸ್ತಕ ಓದುತ್ತಿದ್ದೆ. ನಮ್ಮ ಪ್ರೆಸ್ಸಿನ ಯಜಮಾನರು ಒಂದು ದಿನ ಗ್ರಂಥಾಲಯಕ್ಕೇ ಬಂದರು. “ಈ ಪುಸ್ತಕ ನಮ್ಮವರಲ್ಲಿ ಯಾರು ತಗೊಂಡಿದ್ರು?” ನಾನು ಕಪಾಟಿನ ಹಿಂದೆ ನಿಂತಿದ್ದೆ. ಹಳೆಯ ಗ್ರಂಥಪಾಲಕರು, ನಾವು ದೊಡ್ಡ ಸರ್ ಎನ್ನುತ್ತಿದ್ದವರು, ಮೇಜಿನ ಡ್ರಾಯರನ್ನು ಪೂರ್ತಿ ಹೊರಗೆ ಎಳೆದು ಯಜಮಾನರ ಮುಂದೆ ಬೋರಲು ಹಾಕಿದರು. ಎರಡು ಗುಂಡುಪಿನ್ನು, ಒಂದು ಸತ್ತ ಜಿರಲೆ ಬಿದ್ದವು. “ಇಷ್ಟೇ ಇರೋದು ಸ್ವಾಮಿ. ಪುಸ್ತಕ ವಾಪಸ್ ಬಂದ್ರೆ ನಾವು ಚೀಟಿ ಹರಿದುಹಾಕ್ತೀವಿ. ಯಾರು ಓದಿದ್ರು ಅಂತ ಪುಸ್ತಕಕ್ಕೇ ಗೊತ್ತು, ಅದನ್ನೇ ಕೇಳಿ” ಎಂದರು.

ನನ್ನ ಕೆಲಸ ಉಳಿಯಿತು. ಅವತ್ತು ಬಾಗಿಲು ಹಾಕುವ ಹೊತ್ತಿಗೆ ನೀವೂ ನಾನೂ ಕೂತು ಆ ದಿನದ ಚೀಟಿಗಳನ್ನು ಹರಿದೆವು. ನೀವಾಗ ಹೊಸದಾಗಿ ಸೇರಿದ ಸಹಾಯಕಿ. “ನಾನಿರೋ ತನಕ ಈ ಡ್ರಾಯರ್ ಖಾಲಿನೇ” ಎಂದಿರಿ. ನಾನು ಕೇಳಿರಲಿಲ್ಲ, ನೀವೇ ಹೇಳಿದ್ದು.

ಹಾಗಾದರೆ ಜನವರಿಯಲ್ಲಿ ಬರೆದ ಚೀಟಿ ಮಾರ್ಚಿನಲ್ಲಿ ಹೇಗೆ ಬದುಕಿತ್ತು? ಇಷ್ಟಕ್ಕೆ ಉತ್ತರ ಕೊಡಿ. ಫೋನು ಮಾಡಬೇಡಿ, ಎತ್ತುವುದಿಲ್ಲ. ನಿಮ್ಮ ಬಾಗಿಲೊಳಗೆ ಕಾಲಿಡುವುದೂ ಇಲ್ಲ. ಈ ಪತ್ರವನ್ನು ಪುಸ್ತಕ ಹಿಂತಿರುಗಿಸುವ ಪೆಟ್ಟಿಗೆಯಲ್ಲಿ ಹಾಕಿ ಹೋಗುತ್ತಿದ್ದೇನೆ.

ಇಂತಿ,
ಕಾರ್ಡಿನ ಅವಧಿ ಮುಗಿದ ಒಬ್ಬ ಓದುಗಿತ್ತಿ


ಮಾರ್ಚ್ ೯

ಕೊಂಬು,

ನೀನು ‘ಅವರು’ ಎಂದರೂ ನಾನು ‘ನೀನು’ ಎಂದೇ ಬರೆಯುತ್ತೇನೆ. ಪ್ರೆಸ್ಸಿನವರು ನಿನಗೆ ಕೊಂಬು ಎಂದು ಹೆಸರಿಟ್ಟಿದ್ದು ಅಚ್ಚಿನಲ್ಲಿ ಬಿಟ್ಟುಹೋದ ಕೊಂಬುಗಳನ್ನೆಲ್ಲ ಹುಡುಕಿ ಹಾಕುತ್ತೀ ಎಂದು. ನಾನು ಹಾಗೆ ಕರೆದದ್ದು ನಿನ್ನ ತಲೆಯ ಮೇಲೂ ಎರಡಿವೆ ಎಂದು. ಮೊನ್ನೆ ಅವು ನನ್ನನ್ನು ತಿವಿದವು. ತಿವಿಯಬೇಕಾದದ್ದೇ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಫೆಬ್ರವರಿ ಇಪ್ಪತ್ತಾರರಂದು ಹನ್ನೊಂದು ಗಂಟೆಗೆ ಇಬ್ಬರು ಬಂದರು. ಒಬ್ಬರು ನೀರಿನ ಕಚೇರಿಯ ಮೇಲಧಿಕಾರಿ, ಇನ್ನೊಬ್ಬರು ನಮ್ಮ ಗ್ರಂಥಾಲಯ ಸಮಿತಿಯ ಅಧ್ಯಕ್ಷರು. ವಾಚನ ಕೊಠಡಿಯಲ್ಲಿ ಏಳೆಂಟು ಜನ ಪತ್ರಿಕೆ ಓದುತ್ತಿದ್ದರು. ಅಧಿಕಾರಿಗಳು ಎಲ್ಲರಿಗೂ ಕೇಳುವಂತೆಯೇ ಮಾತಾಡಿದರು. ನಾನು ಮೇಜು ಕುಟ್ಟಿ “ಸದ್ದು!” ಎಂದೆ. ಜನ್ಮದಲ್ಲಿ ಆ ಮಾತಿಗೆ ಹೆದರದಿದ್ದವರು ಅವರೊಬ್ಬರೇ.

“ಆರು ವರ್ಷದ ವರದಿ ಒಟ್ಟಿಗೆ ತರಿಸ್ಕೊಂಡು ಓದಿದ್ದು ಯಾರು ಮೇಡಂ?”

“ಓದುಗರು” ಎಂದೆ.

“ಅದು ನಮಗೂ ಗೊತ್ತು. ನಾವೇನು ಪುಸ್ತಕ ಸುಡೋಕೆ ಬಂದಿದೀವಾ? ಒಂದು ಚೀಟಿ ಕೇಳ್ತಿದೀವಿ.”

ಚೀಟಿ ಇಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆಗ ಅಧ್ಯಕ್ಷರು ಗೋಡೆಯ ಕಡೆ ನೋಡುತ್ತಾ, ಯಾರಿಗೋ ಹೇಳುವಂತೆ ಹೇಳಿದರು: “ಈ ಕಟ್ಟಡದ ಕರಾರು ತಿಂಗಳ ಕೊನೆಗೆ ಮುಗಿಯುತ್ತೆ. ಸಭೇಲಿ ಇಬ್ಬರು ಬೇಡ ಅಂತಿದಾರೆ. ಮೊಬೈಲ್ ಇರೋವಾಗ ಲೈಬ್ರರಿ ಯಾಕೆ ಅಂತಾರೆ. ನಾನೊಬ್ಬನೇ ಎಷ್ಟು ಅಂತ ಹೊಡೆದಾಡಲಿ?”

ನಾನೇ ಎದ್ದು ಒಳಗೆ ಹೋಗಿ ಚೀಟಿ ತಂದೆ. ಯಾರೂ ನನ್ನ ಕೈ ಹಿಡಿದು ಎಳೆಯಲಿಲ್ಲ. ಇದನ್ನು ಬೇರೆ ಥರ ಬರೆದರೆ ನೀನು ಕೆಂಪು ಶಾಯಿಯಲ್ಲಿ ತಿದ್ದುತ್ತೀ ಎಂದು ಗೊತ್ತಿದೆ.

ನಿನ್ನ ಹೆಸರು ಮಾತ್ರ ನನ್ನ ಬಾಯಿಂದ ಬರಲಿಲ್ಲ, ಕೊಂಬು. ಕಿಟಕಿಯ ಕೆಳಗಿನ ಬೆಂಚಿನಲ್ಲಿ ಮೂರು ಸಂಜೆ ಆ ಸಂಪುಟಗಳನ್ನು ಹರಡಿಕೊಂಡು ಕೂತದ್ದು ನೀನು. ನಿನ್ನ ಕಾರ್ಡಿನ ಅವಧಿ ಮುಗಿದು ವರ್ಷವಾಗಿತ್ತು, ಹೊಸ ಫೋಟೋ ತೆಗೆಸು ಎಂದರೆ “ಈ ಮುಖಕ್ಕೆ ಫೋಟೋ ಬೇರೆ ಕೇಡು” ಎಂದೆ. “ಹೋಗಲಿ, ಮಗಳ ಕಾರ್ಡಿನ ಸಂಖ್ಯೆ ಹೇಳು, ಮನೇದೇ ತಾನೆ” ಎಂದು ಚೀಟಿಯ ಮುಂಭಾಗವನ್ನು ನನ್ನ ಕೈಯಲ್ಲೇ ತುಂಬಿದವಳು ನಾನು. ಪತ್ರಿಕೆಯಲ್ಲಿ ‘ಒಬ್ಬ ನಾಗರಿಕ’ ಎಂಬ ಸಹಿಯ ಪತ್ರ ಬಂದಾಗ ಅದು ಯಾರ ಕೈಯದೆಂದು ಮೊದಲ ಸಾಲಿನಲ್ಲೇ ತಿಳಿಯಿತು. ಯಾರಿಗೂ ಹೇಳಬೇಡ ಎಂದು ನೀನು ಮಾತು ತೆಗೆದುಕೊಂಡಿದ್ದೆ. ಅವರು ಕಾಗದ ಕೇಳಿದರು, ಕಾಗದ ಕೊಟ್ಟೆ. ಬಾಯಿ ಬಿಡಲಿಲ್ಲ. ಅವಳದೇ ಕಚೇರಿಯ ವರದಿ, ಅವಳು ಓದಿದ್ದರೆ ತಾನೆ ಏನು ಮಾಡಿಯಾರು ಅಂದುಕೊಂಡೆ. ಅಂದುಕೊಳ್ಳುವುದು ಸುಲಭವಾಗಿತ್ತು.

ಕರಾರು ಮುಂದುವರಿಯಿತು. ಮೂರು ವರ್ಷಕ್ಕೆ.

ಚೀಟಿ ಯಾಕೆ ಉಳಿದಿತ್ತು ಎಂದು ಕೇಳಿದ್ದೀ. ಅದನ್ನು ಬರೆಯಲು ಇವತ್ತು ಆಗುತ್ತಿಲ್ಲ.

ನಿನ್ನ,
ಸದ್ದು


ಮಾರ್ಚ್ ೧೨

ಸದ್ದು,

ಹಳೆಯ ಹೆಸರಿನಿಂದಲೇ ಕರೆಯುತ್ತೇನೆ, ಬಯ್ಯಲು ಅದೇ ಅನುಕೂಲ.

ಬಾಯಿಗೆ ಬೀಗ ಹಾಕಿಕೊಂಡೆ, ಡ್ರಾಯರಿನ ಬೀಗ ತೆಗೆದುಕೊಟ್ಟೆ. ಇದಕ್ಕೆ ನಿಷ್ಠೆ ಎಂದು ಹೆಸರು ಬೇರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸರಿ, ಮುರಿದದ್ದು ಯಾರ ಬೆನ್ನು? ಗ್ರಂಥಾಲಯ ಉಳಿಸಲು ಓದುಗರನ್ನು ಕೊಟ್ಟೆಯಂತೆ. ಹಾಗೆ ಉಳಿದ ಗ್ರಂಥಾಲಯಕ್ಕೆ ಯಾರು ಬರಬೇಕು? ಅಧ್ಯಕ್ಷರು ಬಂದು ಓದುತ್ತಾರೆಯೇ? ಅವರು ನಿನ್ನಲ್ಲಿಂದ ಕೊನೆಯ ಬಾರಿ ಪುಸ್ತಕ ತೆಗೆದುಕೊಂಡದ್ದು ಯಾವ ಕಾಲದಲ್ಲಿ ಎಂದು ಕೇಳೋಣವೆಂದರೆ, ಅದರ ಚೀಟಿ ಹರಿದಿರುತ್ತೀ. ಅವರದನ್ನು ಹರಿದಿರುತ್ತೀ.

ನಾನು ಯಾವ ಧೈರ್ಯದಿಂದ ಮಗಳ ಸಂಖ್ಯೆ ಕೊಟ್ಟೆ? ನೀನು ಹರಿಯುತ್ತೀ ಎಂಬ ಧೈರ್ಯದಿಂದ. ಮೂವತ್ತೆಂಟು ವರ್ಷ ಬಾವಿಯ ಕಟ್ಟೆಯ ಮೇಲೆ ಕೈಯೂರಿ ಬಗ್ಗಿದವಳು ನಾನು. ಕಲ್ಲು ಸಡಿಲವಾಗಿದೆ ಎಂದು ಒಂದು ಮಾತು ಹೇಳಬಹುದಿತ್ತು.

ನಾನು ಅಲ್ಲಿಗೆ ಯಾಕೆ ಬಂದೆ ಎಂದು ನೀನು ಅವತ್ತು ಕೇಳಲಿಲ್ಲ. ಕೇಳದಿರುವುದು ನಿನ್ನ ಕೆಲಸದ ಮರ್ಯಾದೆ. ಈಗ ಹೇಳುತ್ತೇನೆ. ನಮ್ಮ ಮನೆಯಲ್ಲಿ ಕುಡಿಯುವ ನೀರನ್ನು ಎರಡು ಸಲ ಕುದಿಸುತ್ತೇವೆ. ಮಗಳ ಕಟ್ಟಪ್ಪಣೆ. ಒಮ್ಮೆ ಕುದಿಸಿ, ಆರಿಸಿ, ಸೋಸಿ, ಮತ್ತೆ ಕುದಿಸುವುದು. ಆರು ವರ್ಷದಿಂದ. ಮೊದಲು ನಾನು ತಮಾಷೆ ಮಾಡುತ್ತಿದ್ದೆ: “ಇದಕ್ಕೇನು ಜ್ವರ ಬಂದಿದೆಯಾ ಹೀಗೆ ಕಾಯಿಸೋಕೆ?” ಅವಳು ನಗುತ್ತಿರಲಿಲ್ಲ. ಯಾಕೆ ಎಂದು ನಾನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಆಮೇಲೆ ಇಬ್ಬರೂ ಆ ಉತ್ತರದ ಜೊತೆ ಒಂದೇ ಮನೆಯಲ್ಲಿ ಇರಬೇಕಲ್ಲ. ಮನೆಯಲ್ಲಿ ಕೇಳಲಾಗದ್ದನ್ನು ಕೇಳಲು ತಾನೆ ಊರಿಗೊಂದು ಗ್ರಂಥಾಲಯ ಇರುವುದು?

ಕಾಯಿದೆಯ ಪ್ರಕಾರ ವರದಿಯ ಒಂದು ಪ್ರತಿ ಪ್ರತಿ ವರ್ಷ ನಿನ್ನಲ್ಲಿಗೆ ಬರುತ್ತದೆ, ಯಾರು ಬೇಕಾದರೂ ಓದಬಹುದು. ಯಾರೂ ಓದುವುದಿಲ್ಲ ಎಂಬ ಭರವಸೆಯಿಂದ ಅವರೂ ಕಳಿಸುತ್ತಾರೆ. ನಾನು ಅಂಕಿ ಓದಲು ಬಲ್ಲವಳಲ್ಲ, ಅಕ್ಷರ ಓದುವವಳು. ಹದಿನಾಲ್ಕನೇ ಪುಟದ ಒಂಬತ್ತನೇ ಸಾಲು: ‘ಊರಿನ ನೀರು ಕಡಿಯಲು ಯೋಗ್ಯವಾಗಿದೆ.’ ಕುಡಿಯಲು ಎಂಬಲ್ಲಿ ಕೊಂಬು ಬಿಟ್ಟಿದೆ. ನಕ್ಕೆ. ಅದು ನಮ್ಮ ಪ್ರೆಸ್ಸಿನಲ್ಲೇ ಅಚ್ಚಾದದ್ದು, ನಾನು ನಿವೃತ್ತಳಾದ ಮರುವರ್ಷದ ವರದಿ. ಕೊಂಬು ಪ್ರೆಸ್ಸು ಬಿಟ್ಟಳು, ಕೊಂಬು ಪದ ಬಿಟ್ಟಿತು ಎಂದುಕೊಂಡೆ. ಮುಂದಿನ ವರ್ಷದ ಸಂಪುಟ ತೆಗೆದೆ. ಹದಿನಾಲ್ಕನೇ ಪುಟ, ಒಂಬತ್ತನೇ ಸಾಲು, ಕಡಿಯಲು. ಅದರ ಮುಂದಿನದು. ಅದರ ಮುಂದಿನದು. ಆರು ವರ್ಷವೂ ಅದೇ ಸಾಲು, ಅದೇ ತಪ್ಪು, ಕೋಷ್ಟಕದಲ್ಲಿ ಅವೇ ಅಂಕಿಗಳು. ಅಚ್ಚು ಹೊಸದಾಗಿ ಜೋಡಿಸಿದವರಿಗೆ ತಪ್ಪೂ ಹೊಸದಾಗಿ ಆಗುತ್ತದೆ, ಸದ್ದು. ಹಳೆಯ ತಪ್ಪು ಆರು ವರ್ಷ ಬಂದರೆ ಯಾರೂ ಏನನ್ನೂ ಹೊಸದಾಗಿ ಮಾಡಿಲ್ಲ ಎಂದರ್ಥ. ನೀರನ್ನು ಯಾರೂ ಪರೀಕ್ಷೆ ಮಾಡಿಲ್ಲ. ಮುಖಪುಟದ ಇಸವಿ ಬದಲಾಯಿಸಿ ಊರಿಗೆಲ್ಲ ಕುಡಿಸಿದ್ದಾರೆ.

ಇದನ್ನು ಬರೆಯದೆ ಇರಲು ನನ್ನಿಂದ ಆಗುತ್ತಿತ್ತೇ? ನೀನೇ ಹೇಳು.

ನಿನ್ನೆ ಮಗಳು ಊಟದ ಮೇಜಿನ ಬಳಿ ಕೂತು ಕಚೇರಿಗೆ ಉತ್ತರ ಬರೆದಳು. ‘ನಾನು ಈ ಸಂಪುಟಗಳನ್ನು ಪಡೆದಿಲ್ಲ.’ ಒಂದೇ ಸಾಲು. ತೆಗೆದುಕೊಂಡು ಹೋಗಿ ಕೊಟ್ಟು ಬಂದಳು. ಅಧಿಕಾರಿ ನಕ್ಕರಂತೆ. “ಮತ್ತೆ ನಿಮ್ಮ ಕಾರ್ಡು ತಾನಾಗೇ ನಡ್ಕೊಂಡು ಹೋಗಿತ್ತಾ?” ಮುಂದಿನ ತಿಂಗಳ ಎಂಟಕ್ಕೆ ವಿಚಾರಣೆ. ಸುಳ್ಳು ಹೇಳಿದ್ದೂ ಸಾಬೀತಾದರೆ ಕೆಲಸದಿಂದಲೇ ವಜಾ ಎಂದಿದ್ದಾರೆ.

ಅವಳು ಆ ಸಾಲು ಬರೆಯುವಾಗ ನಾನು ಅಡುಗೆಮನೆಯಲ್ಲಿದ್ದೆ.

ನನ್ನ ಪ್ರಶ್ನೆಗೆ ನೀನಿನ್ನೂ ಉತ್ತರಿಸಿಲ್ಲ.

ಕೊಂಬು


ಮಾರ್ಚ್ ೨೩

ಸದ್ದು,

ಹನ್ನೊಂದು ದಿನ. ನಿನ್ನ ಪೆಟ್ಟಿಗೆಯ ಬಾಯಿಯೇ ನಿನ್ನ ಬಾಯಿಗಿಂತ ದೊಡ್ಡದು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರನ್ನು ಆ ಆರು ಸಂಪುಟ ನೋಡಿಕೊಂಡು ಬನ್ನಿ ಎಂದು ಕಳಿಸಿದ್ದೆ. ಕಪಾಟು ಖಾಲಿಯಂತೆ. ‘ಬೈಂಡಿಂಗಿಗೆ ಹೋಗಿದೆ’ ಎಂದು ರಟ್ಟಿನ ಫಲಕವಂತೆ, ನಿನ್ನ ದುಂಡಗಿನ ಅಕ್ಷರದಲ್ಲಿ. “ಯಾವಾಗ ಬರುತ್ತೆ ಮೇಡಂ?” ಎಂದರೆ ನೀನು ಕನ್ನಡಕ ಒರೆಸಿಕೊಂಡೆಯಂತೆ.

ಆ ಸಂಪುಟಗಳಿಗೆ ಹೊಸ ಬೈಂಡಿಂಗು ಯಾಕೆ? ಆರು ವರ್ಷದಲ್ಲಿ ಅವುಗಳನ್ನು ತೆರೆದವಳು ನಾನೊಬ್ಬಳೇ.

ಕೊಂಬು


ಏಪ್ರಿಲ್ ೨

ಕೊಂಬು,

ಫಲಕ ಬರೆದದ್ದು ನಾನೇ. ಸಂಪುಟಗಳನ್ನು ನೀರಿನ ಕಚೇರಿಯವರು ತಮ್ಮ ಗಾಡಿಯಲ್ಲಿ ಒಯ್ದರು. ಏನೆಂದು ಬರೆಯಲಿ ಎಂದು ಕೇಳಿದೆ, ಬೈಂಡಿಂಗ್ ಎಂದು ಬರೆಯಿರಿ ಎಂದರು. ಬರೆದೆ. ಒಂದು ಸಲ ಎದ್ದು ಒಳಗೆ ಹೋದವಳಿಗೆ ಎರಡನೆಯ ಸಲ ದಾರಿ ಗೊತ್ತಿರುತ್ತದೆ.

ನಿನ್ನ ಪ್ರಶ್ನೆಗೆ ಬರುತ್ತೇನೆ.

ಇಷ್ಟು ವರ್ಷ ನಾನು ಪ್ರತಿದಿನವೂ ಚೀಟಿ ಹರಿದಿದ್ದೇನೆ. ಡ್ರಾಯರ್ ಖಾಲಿಯೇ ಇತ್ತು, ಈಗಲೂ ಖಾಲಿ. ನಿನ್ನವನ್ನು ಮಾತ್ರ ಹರಿಯಲಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ. ನೀನು ಓದುವಾಗ ತಪ್ಪು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಮೊದಮೊದಲು ಪುಸ್ತಕದಲ್ಲೇ ತಿದ್ದಿದೆ, ದೊಡ್ಡ ಸರ್ ಬೈದರು. ಅವತ್ತಿನಿಂದ ಬೇಡಿಕೆ ಚೀಟಿಯ ಹಿಂಭಾಗದಲ್ಲಿ ಬರೆದು ಕೊಡುತ್ತಿದ್ದೆ. ಪುಟ ಇಷ್ಟು, ಸಾಲು ಇಷ್ಟು, ಒತ್ತಕ್ಷರ ತಪ್ಪಿದೆ, ದೀರ್ಘ ಬೇಕು. ಕೆಲವೊಮ್ಮೆ ಕೆಳಗೆ ಇನ್ನೊಂದು ಸಾಲು. ‘ಈ ಅಧ್ಯಾಯ ಬರೆಯುವಾಗ ಲೇಖಕರು ತೂಕಡಿಸಿದ್ದಾರೆ.’ ‘ಸದ್ದು, ಇವತ್ತು ನೀನು ಯಾಕೆ ಸಪ್ಪಗಿದ್ದೀ?’ ನನ್ನ ಮದುವೆ ಮುರಿದ ವಾರ ನೀನು ಒಂದು ಚೀಟಿಯ ಹಿಂದೆ ಬರೆದಿದ್ದೆ: ‘ಪುಟ ೪೧ರಲ್ಲಿ ಪೂರ್ಣವಿರಾಮ ಬಿಟ್ಟಿದೆ. ನೀನು ಹಾಕಿಕೊಂಡದ್ದು ಒಳ್ಳೆಯದಾಯಿತು.’ ಅದನ್ನು ಹೇಗೆ ಹರಿಯಲಿ? ನನಗೆ ಪತ್ರ ಬರೆದವರು ಯಾರೂ ಇಲ್ಲ, ಕೊಂಬು. ಒಂದೇ ಊರಿನಲ್ಲಿರುವವರು ಪತ್ರ ಯಾಕೆ ಬರೆಯುತ್ತಾರೆ? ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡೆ. ಈಗ ಆ ಡಬ್ಬಿ ಮೂರನೆಯದು.

ನಿಯಮ ಮುರಿದದ್ದು ನಿನ್ನೊಬ್ಬಳಿಗೋಸ್ಕರ. ಅದರ ಪೆಟ್ಟೂ ನಿನ್ನ ಮನೆಗೇ ಬಿತ್ತು. ಕ್ಷಮಿಸು ಎಂದು ಬರೆಯಬಾರದೆಂದು ತೀರ್ಮಾನಿಸಿದ್ದೇನೆ. ಬರೆದರೆ ನೀನು ಅದರ ಸುತ್ತ ಗೆರೆ ಎಳೆದು, ‘ಬೇಕಿಲ್ಲ, ತೆಗೆಯಿರಿ’ ಎಂದು ವಾಪಸು ಕಳಿಸುತ್ತೀ.

ಅಧಿಕಾರಿಗಳು ಚೀಟಿಯ ಮುಂಭಾಗದ ಪ್ರತಿ ಮಾತ್ರ ತೆಗೆದುಕೊಂಡರು. ತಿರುಗಿಸಿ ನೋಡಲಿಲ್ಲ. ಜನ ಹಾಗೇ, ಹಿಂಭಾಗ ನೋಡುವುದಿಲ್ಲ. ಮೂಲವನ್ನು ಈ ಕವರಿನಲ್ಲಿ ಇಟ್ಟಿದ್ದೇನೆ. ಹಿಂದೆ ನಿನ್ನ ಕೈಬರಹದಲ್ಲಿ ಆರು ಸಂಪುಟಗಳ ಇಸವಿ, ಪುಟ, ಸಾಲು, ‘ಕಡಿಯಲು’ ಎಂದು ಆರು ಸಲ, ಕೊನೆಗೆ ‘ಇವರ ತಲೆಗೂ ಕೊಂಬಿಲ್ಲ, ಪದಕ್ಕೂ ಕೊಂಬಿಲ್ಲ’ ಎಂದು ಇದೆ. ಓದಿದವಳು ಯಾರೆಂದು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ಸಂಪುಟಗಳು ಹೋದ ಮೇಲೆ ಅವುಗಳಲ್ಲಿ ಏನಿತ್ತು ಎಂಬುದಕ್ಕೂ ಉಳಿದಿರುವುದು ಇದೊಂದೇ.

ಹರಿಯುವುದಾದರೂ ನೀನೇ ಹರಿ. ತೋರಿಸುವುದಾದರೂ ನೀನೇ ತೋರಿಸು. ಆದರೆ ಯಾರಿಗೆ ಮೊದಲು ತೋರಿಸಬೇಕೆಂದು ನಿನಗೆ ಗೊತ್ತಿದೆ.

ಸದ್ದು


ಏಪ್ರಿಲ್ ೧೪

ಸದ್ದು,

ಕವರು ನಾಲ್ಕನೇ ತಾರೀಖು ಬಂತು. ಎರಡು ದಿನ ಚೀಟಿಯನ್ನು ನಿಘಂಟಿನೊಳಗೆ ಇಟ್ಟುಕೊಂಡೆ. ನಿನಗೆ ನಾನು ಬರೆದ ಮೊದಲ ಪತ್ರವನ್ನು ನೆನಪು ಮಾಡಿಕೊಂಡೆ. ಎಷ್ಟು ಜೋರಾಗಿ ಬಯ್ದಿದ್ದೆ! ಓದಿದವಳು ನಾನೇ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಕರಡು ತಿದ್ದುವವರಿಗೆ ಇರುವ ಅಕ್ಷರದ ತಪ್ಪು ಬೇಗ ಕಾಣುತ್ತದೆ. ಬಿಟ್ಟುಹೋದ ಸಾಲು ಕಾಣುವುದು ಕಷ್ಟ.

ಆರನೇ ತಾರೀಖು ಬೆಳಿಗ್ಗೆ ಅವಳು ನೀರು ಸೋಸುತ್ತಿದ್ದಾಗ ಚೀಟಿಯನ್ನು ಕಟ್ಟೆಯ ಮೇಲೆ ಹಿಂಭಾಗ ಮೇಲಾಗಿ ಇಟ್ಟೆ. ಬಟ್ಟೆ ಹಿಂಡಿ, ಕೈ ಒರೆಸಿಕೊಂಡು ಓದಿದಳು.

“ಇದು ನಿನ್ನ ಅಕ್ಷರ.”

“ಹೌದು.”

“ಅವತ್ತು ನಾನು ಉತ್ತರ ಬರೀತಿದ್ದಾಗ ನೀನು ಒಳಗೆ ಏನ್ ಮಾಡ್ತಿದ್ದೆ?”

“ತರಕಾರಿ ಹೆಚ್ತಿದ್ದೆ.”

“ಒಂದು ಗಂಟೆ ಹೊತ್ತು?”

ನಾನು ಸೋಸುವ ಬಟ್ಟೆಯನ್ನು ಮಡಿಸಿಟ್ಟೆ.

“ಆರು ವರ್ಷ ನಿನ್ನ ಕಣ್ಮುಂದೆ ಎರಡೆರಡು ಸಲ ಕುದಿಸಿದೆ ಅಮ್ಮ. ಯಾಕೆ ಅಂತ ಒಂದ್ಸಲ ಕೇಳಿದ್ರೆ ಹೇಳಿಬಿಡ್ತಿದ್ದೆ. ಕೇಳ್ಲಿಲ್ಲ. ಹೋಗಿ ಪುಸ್ತಕದಲ್ಲಿ ನೋಡಿದೆ.”

“ನೀನಾಗೇ ಯಾಕೆ ಹೇಳ್ಲಿಲ್ಲ?”

“ನೀನು ಪತ್ರಿಕೆಗೆ ಬರೀತೀಯ ಅಂತ.”

ಇಷ್ಟು ಹೇಳಿ ಎರಡನೇ ಸಲಕ್ಕೆ ಒಲೆ ಹಚ್ಚಿದಳು.

ಎಂಟಕ್ಕೆ ನಾನೂ ವಿಚಾರಣೆಗೆ ಹೋದೆ. ಅವಳು ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತಳು, ನಾನು ಹಿಂದೆ. ಕಚೇರಿಯಲ್ಲಿ ಚೀಟಿ ತೋರಿಸಿ, ಓದಿದವಳೂ ನಾನೇ, ಪತ್ರಿಕೆಗೆ ಬರೆದವಳೂ ನಾನೇ, ಇವಳಿಗೆ ಗೊತ್ತೇ ಇರಲಿಲ್ಲ ಎಂದೆ. ವಿಚಾರಣಾಧಿಕಾರಿಗೆ ನಂಬಿಕೆ ಬರಲಿಲ್ಲ. “ಮಗಳನ್ನ ಉಳಿಸೋಕೆ ತಾಯಂದಿರು ಏನು ಬೇಕಾದ್ರೂ ಹೇಳ್ತಾರೆ. ಎಲ್ಲಿ, ನನ್ನೆದುರಿಗೆ ಬರೆದು ತೋರಿಸಿ ನೋಡೋಣ. ಬರ್ಕೊಳಿ: ಊರಿನ ನೀರು ಕುಡಿಯಲು ಯೋಗ್ಯವಾಗಿದೆ.”

“ಸುಳ್ಳು ಬರೆಯೋಕೆ ನನ್ನ ಕೈ ಬರಲ್ಲ ಸ್ವಾಮಿ” ಎಂದೆ. “ಕಡಿಯಲು ಅಂತ ಬೇಕಾದ್ರೆ ಬರ್ಕೊಡ್ತೀನಿ. ನಿಮ್ಮ ಆರೂ ವರದೀಲಿ ಹಾಗೇ ಇದೆ.”

ಮೂಲೆಯಲ್ಲಿದ್ದ ಟೈಪಿಸ್ಟ್ ನಕ್ಕು, ಅದನ್ನು ಕೆಮ್ಮು ಮಾಡಿಕೊಂಡ. ಬರೆದುಕೊಟ್ಟೆ, ಆರು ಸಲ. ಅಕ್ಷರ ಹೊಂದಿತು. ಚೀಟಿಯನ್ನು ಕಡತಕ್ಕೆ ಸೇರಿಸಿಕೊಂಡರು. ಅದೂ ಈಗ ಬೈಂಡಿಂಗಿಗೆ ಹೋಯಿತು ಅಂದುಕೋ.

ಅಮಾನತು ರದ್ದಾಗಿದೆ. ಕಾರ್ಡನ್ನು ಇನ್ನೊಬ್ಬರ ಉಪಯೋಗಕ್ಕೆ ಬಿಟ್ಟದ್ದಕ್ಕೆ ಅವಳಿಗೆ ಎಚ್ಚರಿಕೆ ಕೊಟ್ಟಿದ್ದಾರೆ. ಅವಳು ಬಿಟ್ಟಿರಲಿಲ್ಲ, ನಾವಿಬ್ಬರು ಎತ್ತಿಕೊಂಡದ್ದು. ಪ್ರಯೋಗಾಲಯದಿಂದ ತೆಗೆದು ಹೊಸ ಸಂಪರ್ಕದ ಅರ್ಜಿ ತೆಗೆದುಕೊಳ್ಳುವ ಕಿಟಕಿಗೆ ಹಾಕಿದ್ದಾರೆ. ನೀರಿನ ವಿಷಯ ಪರಿಶೀಲನೆಯಲ್ಲಿದೆಯಂತೆ. ನನ್ನ ಮೇಲೆ ಏನೂ ಕ್ರಮವಿಲ್ಲ. ಪಿಂಚಣಿಯ ಮುದುಕಿಯ ಮೇಲೆ ಏನು ಕ್ರಮ? ನಾನು ಮೊದಲ ದಿನವೇ ಹೋಗಿದ್ದರೂ ಇಷ್ಟೇ ಆಗುತ್ತಿತ್ತು. ಇದನ್ನು ಐದು ವಾರಗಳ ನಂತರ ತಿಳಿದುಕೊಂಡೆ.

ಮೊನ್ನೆ ಭಾನುವಾರ ಅವಳು ಕಚೇರಿಯ ಹತ್ತಿರ ಒಂದು ಕೋಣೆ ಹಿಡಿದು ಹೋದಳು. ಜಗಳವಾಡಿ ಹೋಗಿದ್ದರೆ ಚೆನ್ನಾಗಿತ್ತು. ಚಪ್ಪಲಿ ಜೋಡಿಸಿಟ್ಟ ಹಾಗೆ ಹೋದಳು. ನೀರು ಕುದಿಸುವ ಪಾತ್ರೆಯನ್ನು ನನಗೇ ಬಿಟ್ಟಿದ್ದಾಳೆ. “ಎರಡು ಸಲ” ಎಂದಳು, ಬಾಗಿಲಲ್ಲಿ ನಿಂತು.

ಡಬ್ಬಿಗಳಲ್ಲಿರುವ ಉಳಿದ ಚೀಟಿಗಳನ್ನು ಹರಿ. ಎಲ್ಲವನ್ನೂ. ನಲವತ್ತೊಂದನೇ ಪುಟದ್ದನ್ನೂ. ನೀನು ಉಳಿಸಿಕೊಂಡದ್ದು ಪ್ರೀತಿಯಿಂದ ಎಂದು ನನಗೆ ಗೊತ್ತಾಗುತ್ತದೆ, ಅದಕ್ಕೇ ಸಿಟ್ಟು ಇಳಿಯುತ್ತಿಲ್ಲ. ದ್ವೇಷದಿಂದ ಮಾಡಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಗ್ರಂಥಾಲಯಕ್ಕೆ ಬರುವುದಿಲ್ಲ. ಇದು ನನ್ನ ಕೊನೆಯ ಪತ್ರ.

ಕೊಂಬು


ಮೇ ೬

ಗ್ರಂಥಪಾಲಕಿಯವರಿಗೆ,

ಈ ಪತ್ರದೊಡನೆ ಒಂದು ನೋಟ್‌ಬುಕ್ಕನ್ನು ನಿಮ್ಮ ಪೆಟ್ಟಿಗೆಯಲ್ಲಿ ಹಾಕುತ್ತಿದ್ದೇನೆ. ಇದು ನಿಮ್ಮ ಗ್ರಂಥಾಲಯದ್ದಲ್ಲ. ಇನ್ನು ಮುಂದೆ ಆಗಲಿ.

ಪ್ರಯೋಗಾಲಯದಲ್ಲಿದ್ದ ಆರು ವರ್ಷ ನಾನು ಮನೆಯವರಿಗೂ ಹೇಳದೆ ಬರೆದಿಟ್ಟುಕೊಂಡದ್ದು. ಯಾವ ದಿನ ಯಾವ ಬೀದಿಯ ನಲ್ಲಿಯ ನೀರು ಪರೀಕ್ಷೆಗೆ ಬರಬೇಕಿತ್ತು, ಬಂತೋ ಇಲ್ಲವೋ, ಬಂದಿದ್ದರೆ ನಾನು ಏನು ಕಂಡೆ, ಎಲ್ಲ ತಾರೀಖಿನ ಪ್ರಕಾರ ಇದೆ. ಹೆಚ್ಚಿನ ಪುಟಗಳಲ್ಲಿ ‘ಬಾಟಲಿ ಬರಲಿಲ್ಲ’ ಎಂದಷ್ಟೇ ಇದೆ. ಬರೆದಿಟ್ಟದ್ದು ಧೈರ್ಯವಲ್ಲ. ಧೈರ್ಯವಿದ್ದಿದ್ದರೆ ಮೊದಲ ವರ್ಷವೇ ತರುತ್ತಿದ್ದೆ. ಅಷ್ಟು ವರ್ಷ ಈ ಊರಿನವರು ಒಂದೇ ಸಲ ಕುದಿಸಿ ಕುಡಿದರು, ಅಥವಾ ಕುದಿಸದೆಯೇ. ಅದು ನನ್ನ ಪಾಲಿಗಿರಲಿ.

ಮೊದಲ ಪುಟದಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದ್ದೇನೆ. ‘ಒಬ್ಬ ನಾಗರಿಕ’ ಎಂದು ಬರೆಯುವುದು ನನಗೆ ಹಿಡಿಸುವುದಿಲ್ಲ. ಇದರಿಂದ ಕಿಟಕಿಯ ಕೆಲಸವೂ ಹೋಗಬಹುದು, ಗೊತ್ತಿದೆ. ಇದಕ್ಕೊಂದು ಕ್ರಮಸಂಖ್ಯೆ ಕೊಟ್ಟು ಆ ಖಾಲಿ ಕಪಾಟಿನಲ್ಲಿ ಇಡಿ. ಜೆರಾಕ್ಸ್ ಪ್ರತಿಗಳು ಇನ್ನೂ ಮೂರು ಕಡೆ ಇವೆ, ಆದ್ದರಿಂದ ಬೈಂಡಿಂಗಿಗೆ ಕಳಿಸಿ ಪ್ರಯೋಜನವಿಲ್ಲ.

ಕೇಳಿದವರಿಗೆಲ್ಲ ಓದಲು ಕೊಡಿ. ಯಾರು ಓದಿದರು ಎಂದು ಕೇಳಿಕೊಂಡೂ ಬರುತ್ತಾರೆ. ಆಗ ಏನು ಮಾಡಬೇಕೆಂದು ಒಂದು ಕಾಲದಲ್ಲಿ ನಿಮಗೆ ಗೊತ್ತಿತ್ತು.

ಅಮ್ಮನಿಗೆ ಇದರ ವಿಷಯ ಹೇಳಬೇಡಿ. ಅವಳು ಬರುವುದಿಲ್ಲ ಎನ್ನುತ್ತಾಳೆ, ಬರುತ್ತಾಳೆ. ಅಕ್ಷರ ಬಿಟ್ಟು ಅವಳಿಗೆ ಎಷ್ಟು ದಿನ ಇರಲು ಸಾಧ್ಯ? ಬಂದು, ಕಿಟಕಿಯ ಕೆಳಗೆ ಕೂತು, ತಾನೇ ಕೇಳಿ ತರಿಸಿಕೊಂಡು ಓದಲಿ. ತಪ್ಪುಗಳಿದ್ದರೆ ತಿದ್ದಲಿ.

ಅವಳ ಕಾರ್ಡಿನ ಅವಧಿ ಮುಗಿದಿದೆ. ಹೊಸ ಫೋಟೋ ತರಲು ಹೇಳಿ. ನನ್ನದನ್ನು ಕೊಡಬೇಡಿ.

ಇಂತಿ,
ಕಾರ್ಡು ಸಂಖ್ಯೆ ೧೧೨೭